ಮಂದಿಯೊಳಗೆ ಒಬ್ಬಂಟಿ

ಯುಗಾದಿಯ ಸಂಚಿಕೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯನ್ನು ಕುರಿತು ನಾನು ಬರೆದದ್ದಕ್ಕೆ ವಾಚಕ ಭಗಿನಿಯರಿಂದ ಹನ್ನೊಂದು ಪತ್ರಗಳು ಬಂದಿವೆ. ಅವುಗಳಲ್ಲಿ ಒಂಬತ್ತು ನನ್ನ ತಪ್ಪನ್ನು ತಿದ್ದುವಂಥವು, ಎರಡು ನನಗೆ ಅಡಿಗೆ ಮನೆಯೊಳಗೆ ಕಾಲಿಡಬೇಡಿರೆಂದು ಬುದ್ಧಿ ಹೇಳುವಂಥವು. ಎಲ್ಲರಿಗೂ ಮುಂದಿನ ಸಲ ಉತ್ತರ ಕೊಡುತ್ತೇನೆ. ಈ ಸಲ ಬೇರೊಂದು ಸಂಗತಿ ಹೇಳುವುದಿದೆ. ಅದನ್ನು ಉಪ್ಪಿನಕಾಯಿಯಷ್ಟು ಹಗುರಾಗಿ ಹೇಳಲು ನನ್ನಿಂದಾಗದು.

ನಮ್ಮ ಈ ತ್ರೈಮಾಸಿಕವನ್ನು ಟಪಾಲಿಗೆ ಹಾಕುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಪ್ರತಿ ಸಲವೂ ಹತ್ತು ಹದಿನೈದು ಪ್ರತಿಗಳು ಮರಳಿ ಬರುವುದುಂಟು. ಲಕೋಟೆಯ ಮೇಲೆ ಅಂಚೆಯವನ ಷರಾ ಇರುತ್ತದೆ: ಬಿಡಾರ ಬದಲಿಸಿದ್ದಾರೆ, ಬಾಗಿಲಿಗೆ ಬೀಗ, ಈ ಹೆಸರಿನವರು ಇಲ್ಲಿಲ್ಲ. ನಾನು ಯಾದಿ ತೆಗೆದು ಆ ಹೆಸರಿನ ಮೇಲೊಂದು ಗೆರೆ ಎಳೆಯುತ್ತೇನೆ. ಅಲ್ಲಿಗೆ ಆ ಮನೆತನದ ಮಟ್ಟಿಗೆ ನನ್ನ ಕರ್ತವ್ಯ ಮುಗಿಯಿತು. ಈ ವೈಶಾಖದಲ್ಲಿ ಮರಳಿದ ಒಂದು ಪ್ರತಿಯ ಮೇಲೆ ಮಾತ್ರ ನಾನು ಎಂದೂ ಕಂಡಿರದ ಷರಾ ಇತ್ತು: ಪೆಟ್ಟಿಗೆ ತುಂಬಿದೆ. ವಿಳಾಸ ನೋಡಿದರೆ ನಮ್ಮ ಡೊಂಬಿವಲಿಯದೇ. ನಮ್ಮ ಮನೆಯಿಂದ ನಡೆದು ಹೋದರೆ ಹನ್ನೆರಡು ನಿಮಿಷದ ದಾರಿ.

ನಾಲ್ಕು ಅಂತಸ್ತಿನ ಹಳೆಯ ಕಟ್ಟಡ, ಲಿಫ್ಟಿಲ್ಲ. ಕೆಳಗೆ ಸಾಲಾಗಿ ಜೋಡಿಸಿದ ಟಪಾಲು ಪೆಟ್ಟಿಗೆಗಳಲ್ಲಿ ಒಂದರ ಬಾಯಿಂದ ಕಾಗದಗಳು ಹೊರಗೆ ಚಾಚಿಕೊಂಡಿದ್ದವು. ಬ್ಯಾಂಕಿನವು, ವಿದ್ಯುತ್ತಿನ ಬಿಲ್ಲುಗಳು, ಅವುಗಳ ನಡುವೆ ನಮ್ಮ ದೀಪಾವಳಿಯ ಸಂಚಿಕೆ, ಅದರ ಮೇಲೆ ಸಂಕ್ರಾಂತಿಯದು. ಸುಳ್ಳೇಕೆ ಹೇಳಲಿ, ಮನೆಯವರು ತೀರಿಕೊಂಡಿರಬೇಕೆಂದು ಭಾವಿಸಿಯೇ ನಾನು ಮೆಟ್ಟಿಲು ಹತ್ತಿದೆ. ಗಂಟೆ ಒತ್ತಿ ಬಹಳ ಹೊತ್ತು ನಿಂತೆ. ತಿರುಗಬೇಕೆನ್ನುವಷ್ಟರಲ್ಲಿ ಒಳಗಿನಿಂದ ಕೋಲಿನ ಸಪ್ಪಳ ಕೇಳಿಸಿತು.

ಅವರ ಹೆಸರು ಬೇಡ. ಕಾಕಾ ಎಂದೇ ಕರೆಯುತ್ತೇನೆ. ವಯಸ್ಸು ಎಂಬತ್ನಾಲ್ಕು, ಊರು ಗದಗಿನ ಕಡೆ. ಲೋವರ್ ಪರಳದ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನರಾಗಿದ್ದವರು. ಹೆಂಡತಿ ಹೋಗಿ ಎರಡು ವರ್ಷವಾಯಿತು. ಮಗ ಕೆನಡಾದಲ್ಲಿದ್ದಾನೆ. ಒಳ್ಳೆಯ ಮಗ, ಪ್ರತಿ ರವಿವಾರ ತಪ್ಪದೆ ವಿಡಿಯೋ ಫೋನು ಮಾಡುತ್ತಾನೆ, ಬೇಕಾದ್ದನ್ನೆಲ್ಲ ಅಲ್ಲಿಂದಲೇ ಏರ್ಪಾಡು ಮಾಡಿದ್ದಾನೆ. ಮಧ್ಯಾಹ್ನಕ್ಕೆ ಊಟದ ಡಬ್ಬಿ ಬರುತ್ತದೆ, ಔಷಧದ ಅಂಗಡಿಯ ಹುಡುಗ ಬರುತ್ತಾನೆ, ಕೆಲಸದ ಬಾಯಿ ಬಂದು ಅರ್ಧ ತಾಸಿನಲ್ಲಿ ಕಸ ಮುಸುರೆ ಮುಗಿಸಿ ಹೋಗುತ್ತಾಳೆ. ಮೊಣಕಾಲಿನ ಬೇನೆಯಿಂದ ದೀಪಾವಳಿಯಾದ ಮೇಲೆ ಕಾಕಾ ಕೆಳಗಿಳಿದೇ ಇಲ್ಲ. ಪೆಟ್ಟಿಗೆಯ ಬೀಗದ ಕೈ ಗೂಟಕ್ಕೆ ತೂಗುಹಾಕಿತ್ತು. ಒಯ್ದು ಕಾಗದ ತಂದುಕೊಡೆಂದು ಬಾಯಿಗೆ ಹೇಳಬಹುದಿತ್ತು. ಹೇಳಿರಲಿಲ್ಲ. ಎಲ್ಲವೂ ಬಾಗಿಲಿಗೇ ಬರುತ್ತಿದ್ದುದರಿಂದ ಅವರಿಗೆ ಇಳಿಯುವ ಕಾರಣ ಉಳಿದಿರಲಿಲ್ಲ, ಬೇರೆಯವರಿಗೆ ಹತ್ತುವ ಕಾರಣವೂ ಉಳಿದಿರಲಿಲ್ಲ.

“ಕಾಕಾ, ಸಂಘದಿಂದ ಬಂದೀನ್ರಿ” ಎಂದೆ.

ಅವರು ನನ್ನ ಮುಖ ನೋಡಿ, “ಬೈಠಿಯೇ, ಬೈಠಿಯೇ” ಎಂದರು. ನಾನು ಕೂತೆ. ನಾಲ್ಕು ಮಾತು ಹಿಂದಿಯಲ್ಲೇ ನಡೆದವು. ಆಮೇಲೆ ಅವರೇ ತಟ್ಟನೆ ನಿಲ್ಲಿಸಿ, “ನೋಡ್ರಿ, ಕನ್ನಡದವರು ಬಂದ್ರೂ ಬಾಯಾಗ ಹಿಂದೀನ ಬಂತು. ಮಾತಾಡಿ ಎಷ್ಟ ದಿವಸಾತೋ ಏನೋ” ಎಂದು ಬೆರಳು ಮಡಚಿ ಎಣಿಸತೊಡಗಿದರು. ಗದಗಿನಿಂದ ಆಗಾಗ ಫೋನು ಮಾಡುತ್ತಿದ್ದ ತಂಗಿ ಹೋದ ಶ್ರಾವಣದಲ್ಲಿ ತೀರಿಕೊಂಡರಂತೆ. ಅಲ್ಲಿಂದ ಈ ವೈಶಾಖಕ್ಕೆ ಒಂಬತ್ತು ತಿಂಗಳು. ಮಗನೊಡನೆ ಕನ್ನಡವಿಲ್ಲವೇ ಎಂದರೆ, ಇದೆ. “ಊಟ ಆತೇನು, ಗುಳಿಗಿ ತೊಗೊಂಡ್ಯಾ, ಹವಾ ಹ್ಯಾಂಗದ” ಎಂಬಷ್ಟು ಇದೆ. ಆಮೇಲೆ ಮೊಮ್ಮಗಳು ಬಂದು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಕೈ ಬೀಸಿ ಹೋಗುತ್ತಾಳೆ. ಬಾಯಿಯೊಡನೆ ಮರಾಠಿ, ಡಬ್ಬಿಯವನೊಡನೆ ಹಿಂದಿ, ಡಾಕ್ಟರರೊಡನೆ ಇಂಗ್ಲಿಷು. ಹೀಗೆ ನಾಲ್ಕು ಭಾಷೆ ಬಲ್ಲ ಗೃಹಸ್ಥರು ಒಂಬತ್ತು ತಿಂಗಳು ಮಾತೇ ಆಡಿರಲಿಲ್ಲ.

“ಮಗಗ ಹೇಳಬೇಕಾಗಿತ್ತಲ್ರಿ?”

“ಏನಂತ ಹೇಳ್ಲಿ? ಜ್ವರಾ ಬಂದ್ರ ಹೇಳಬಹುದು. ಕಾಲು ನೋಯ್ತಾವ ಅಂತ ಹೇಳಬಹುದು. ಇದಕ್ಕ ಹೆಸರೇನು?”

ನಿಜವಾಗಿ ಹೆಸರೇನು? ನಮ್ಮ ಕನ್ನಡದಲ್ಲಿ ಏಕಾಂತವೆಂದರೆ ಬೇರೆ. ಅದು ಬೇಕೆಂದು ಹುಡುಕಿಕೊಂಡು ಹೋಗುವ ಸುಖ. ಐದು ಮಂದಿ ಇರುವ ಎರಡು ಖೋಲಿಯ ಮನೆಯಲ್ಲಿ ಅದು ಸಿಕ್ಕುವುದೇ ದುರ್ಲಭ. ಒಂಟಿತನ ಬೇರೆ. ಅದನ್ನು ಯಾರೂ ಬೇಡಿಕೊಂಡು ತರುವುದಿಲ್ಲ. ನಮ್ಮ ಕಡೆಯ ಹಿರಿಯರು ಅದನ್ನು ತಮ್ಮ ಮೇಲೆ ಹೇಳಿಕೊಳ್ಳುವುದೂ ಇಲ್ಲ, ಮನೆಯ ಮೇಲೆ ಹಾಕಿ “ಮನಿ ಭಣಭಣ ಅಂತದ” ಎಂದು ಸುಮ್ಮನಾಗುತ್ತಾರೆ.

ಈಗ ಜಗತ್ತೆಲ್ಲ ಇದಕ್ಕೆ ಹೆಸರಿಟ್ಟು ಲೆಕ್ಕ ಹಾಕಲು ಹೊರಟಿದೆ. ಬ್ರಿಟನ್ನಿನವರು 2018ರಲ್ಲಿ ಒಂಟಿತನದ ಖಾತೆಯನ್ನೇ ಒಬ್ಬ ಮಂತ್ರಿಗೆ ವಹಿಸಿದರು. ಜಪಾನಿನವರು 2021ರಲ್ಲಿ ಅವರ ಹಾದಿ ಹಿಡಿದರು. ಸುದ್ದಿ ಓದಿದಾಗ ನಾನು ನಕ್ಕದ್ದುಂಟು. ಅಂಥ ಮಂತ್ರಿಗಳ ಬಳಿ ಅಹವಾಲು ಒಯ್ಯುವವರು ಗುಂಪು ಕಟ್ಟಿಕೊಂಡು ಹೋದರೆ ಅರ್ಜಿ ತಿರಸ್ಕೃತವಾಗುವುದಿಲ್ಲವೇ ಎಂದು ಮನೆಯಲ್ಲಿ ವಿನೋದವಾಡಿದ್ದೆ. ಈಗ ಆ ವಿನೋದ ನನಗೇ ರುಚಿಸುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನಿನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದರೊಡನೆ ತಳಕು ಬಿದ್ದ ಸಾವುಗಳು ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ. ಹೃದಯದ ಬೇನೆ, ಪಾರ್ಶ್ವವಾಯು, ಮಧುಮೇಹ, ಮರೆವು ಇವೆಲ್ಲಕ್ಕೂ ಅದು ದಾರಿ ಮಾಡಿಕೊಡುತ್ತದಂತೆ. ಇದು ಮುದುಕರ ಪಾಡೆಂದು ತಿಳಿದವರಿಗೆ ಆ ವರದಿಯಲ್ಲಿ ಇನ್ನೊಂದು ಸೋಜಿಗವಿದೆ. 13ರಿಂದ 29 ವಯಸ್ಸಿನವರಲ್ಲಿ ನೂರಕ್ಕೆ 17ರಿಂದ 21 ಮಂದಿ ತಮಗೆ ಒಂಟಿ ಎನಿಸುತ್ತದೆ ಎಂದಿದ್ದಾರೆ. ಹದಿಹರೆಯದವರಲ್ಲಂತೂ ಅದು ಎಲ್ಲರಿಗಿಂತ ಹೆಚ್ಚು. ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ನಮ್ಮ ಸೋದರಸೊಸೆ ಹೋದ ತಿಂಗಳು ಬಂದಾಗ ಊಟದ ತಾಟಿನ ಮುಂದೆ ಫೋನನ್ನು ಲೋಟಕ್ಕೆ ಆನಿಸಿ ನಿಲ್ಲಿಸಿಕೊಂಡಳು. ನಮ್ಮಾಕೆ ಗದರಿದಳು. “ಅತ್ತೀ, ದಿನಾ ಒಬ್ಬಾಕೀನ ಉಂಡು ರೂಢಿ ಆಗೇದ” ಎಂದು ಹುಡುಗಿ ಅದನ್ನು ತೆಗೆದಿಟ್ಟಳು.

ಕಾಕಾ ಅವರ ಮಾತಿಗೆ ಬರುತ್ತೇನೆ. ಅಮೆರಿಕೆಯ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರ ತಮ್ಮ ಗ್ರಂಥದಲ್ಲಿ ಒಂಟಿತನ ಎರಡು ಬಗೆಯದೆಂದು ವಿಂಗಡಿಸಿದ್ದಾರೆ. ಒಂದು, ಜೀವಕ್ಕೆ ಜೀವವಾಗಿದ್ದವರು ಇಲ್ಲವಾದಾಗ ಬರುವುದು. ಇನ್ನೊಂದು, ಸುತ್ತಿನ ಬಳಗ ಕರಗಿದಾಗ ಬರುವುದು. ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಹೆಂಡತಿ ಹೋದ ಕೊರತೆಯನ್ನು ನಾನಾಗಲಿ ಸಂಘವಾಗಲಿ ತುಂಬುವಂತಿರಲಿಲ್ಲ. ಆದರೆ ಬಳಗ ಕರಗಿದ್ದು ಮಾತ್ರ ನಮ್ಮ ಕಣ್ಣೆದುರಿಗೇ, ನಾನು ಯಾದಿಯಲ್ಲಿ ಗೆರೆ ಎಳೆಯುತ್ತ ಕೂತಾಗಲೇ ನಡೆದದ್ದು.

ಅದು ಕರಗಿದ ಬಗೆ ಹೇಗೆ? ಕಾಕಾ 1986ರವರೆಗೆ ಲೋವರ್ ಪರಳದ ಚಾಳಿನಲ್ಲಿದ್ದವರು. 1982ರ ಜನವರಿಯಲ್ಲಿ ಗಿರಣಿಗಳ ಮುಷ್ಕರ ಆರಂಭವಾಯಿತಲ್ಲ, ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ನಿಂತದ್ದು, ಅದರ ಹೊಡೆತಕ್ಕೆ ಅವರ ಗಿರಣಿಯೂ ಮುಗಿಯಿತು. ಆಮೇಲೆ ಯಾವುದೋ ಅಂಗಡಿಯ ಲೆಕ್ಕ ಬರೆಯುತ್ತ ಡೊಂಬಿವಲಿಗೆ ಬಂದರು. ಚಾಳಿನ ಮಾತು ಬಂದಾಗ ಅವರ ಕನ್ನಡದ ಎಡರು ಹೋಗಿ ಧಾರೆಯಾಯಿತು. ಮುಂಬಯಿಯ ಚಾಳು ಕಂಡ ಹಿರಿಯ ವಾಚಕರಿಗೆ ನಾನು ಬಣ್ಣಿಸಬೇಕಾಗಿಲ್ಲ. ಒಂದೇ ಖೋಲಿ, ಉದ್ದಕ್ಕೆ ಗ್ಯಾಲರಿ, ಅಂತಸ್ತಿಗೆಲ್ಲ ಸೇರಿ ಪಾಯಖಾನೆ, ಬೆಳಗಿನ ಜಾವ ನಾಲ್ಕಕ್ಕೆ ನಳಕ್ಕೆ ನೀರು. ನೀರಿಗಾಗಿ ನಡೆಯುತ್ತಿದ್ದ ಜಗಳಗಳನ್ನು ಕಾಕಾ ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಆ ಜಗಳದಲ್ಲಿ ಸೋತ ಕೊಡಗಳ ಲೆಕ್ಕವೂ ಅವರಿಗೆ ನೆನಪಿತ್ತು.

ಆದರೆ ಚಾಳೆಂದರೆ ಸ್ವರ್ಗವೆಂದು ಹೇಳುವವರ ಜೊತೆ ನಾನು ಸೇರಲಾರೆ. ಗಂಡ ಹೆಂಡಿರ ಪಿಸುಮಾತಿಗೂ ಅಲ್ಲಿ ಎಡೆಯಿರಲಿಲ್ಲ. ಒಬ್ಬಳ ಮನೆಯ ಅವಮಾನ ಇಡೀ ಅಂತಸ್ತಿನ ಸುದ್ದಿ. ಜಾತಿ ಕೇಳಿ ಖೋಲಿ ಇಲ್ಲವೆನ್ನುವುದೂ ಇತ್ತು. ನಮ್ಮ ಕರಾವಳಿಯ ಹುಡುಗರು ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಕೋಟೆ ಭಾಗದ ರಾತ್ರಿಶಾಲೆಗಳಲ್ಲಿ ಓದಿ, ಅದೇ ಹೋಟೆಲಿನ ಮೇಜಿನ ಮೇಲೆ ಮಲಗುತ್ತಿದ್ದ ಕಾಲದಲ್ಲಿ ಅವರಿಗೆ ಒಂಟಿ ಎನಿಸಲಿಲ್ಲವೆಂದು ಹೇಳುವವರಾರು? 1926ರಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದ್ದರ ಹಿಂದೆ ದೊಡ್ಡ ಉದ್ದೇಶಗಳಿದ್ದುವು. ಅವುಗಳ ಕೆಳಗೆ ಒಂದು ಸಣ್ಣ ಆಸೆಯೂ ಇದ್ದಿರಬೇಕೆಂದು ನನ್ನ ಊಹೆ. ವಾರಕ್ಕೊಮ್ಮೆಯಾದರೂ ತಮ್ಮ ಮಾತು ಕಿವಿಗೆ ಬೀಳಲಿ ಎಂಬುದು.

ಚಾಳಿನಲ್ಲಿ ಒಂದು ಸಂಗತಿ ಮಾತ್ರ ನಿಜವಾಗಿತ್ತು. ಯಾರೂ ಯಾರನ್ನೂ “ಭೇಟಿ” ಮಾಡಬೇಕಾಗಿರಲಿಲ್ಲ. ನಳ ಭೇಟಿ ಮಾಡಿಸುತ್ತಿತ್ತು, ಗ್ಯಾಲರಿ ಭೇಟಿ ಮಾಡಿಸುತ್ತಿತ್ತು. ಒಬ್ಬ ಮುದುಕ ಬೆಳಿಗ್ಗೆ ನೀರಿಗೆ ಬಾರದಿದ್ದರೆ ಏಳು ಗಂಟೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಪ್ರೀತಿಯಿಂದಲ್ಲ, ಅವನ ಕೊಡ ಸಾಲಿಗೆ ಅಡ್ಡವಾಗಿದೆಯೆಂದು. ಫ್ಲ್ಯಾಟಿನಲ್ಲಿ ನೀರು ಒಳಗೇ ಬರುತ್ತದೆ. ಬೇಕಾದ್ದೇ ಅದು, ಹೆಂಗಸರ ಬೆನ್ನು ಉಳಿಯಿತು. 2025ರ ಆಗಸ್ಟಿನಲ್ಲಿ ವರ್ಲಿಯ ಬಿ. ಡಿ. ಡಿ. ಚಾಳಿನ ಕೆಲವು ನೂರು ಕುಟುಂಬಗಳು 160 ಚದರಡಿಯ ಖೋಲಿ ಬಿಟ್ಟು ಅಲ್ಲೇ ಎದ್ದ ಗೋಪುರದಲ್ಲಿ 500 ಚದರಡಿಯ ಮನೆಗಳ ಬೀಗದ ಕೈ ಪಡೆದುವು. ಆ ಮನೆಗಳಲ್ಲಿ ಅವರು ಸುಖವಾಗಿರಲಿ. ಆದರೆ ಅಂಥ ಮನೆಯಲ್ಲಿ ಇನ್ನೊಬ್ಬರ ಮುಖ ಕಾಣಬೇಕಾದರೆ ಮನಸ್ಸು ಮಾಡಿ ಹೊರಡಬೇಕು, ಮುಂಚೆ ಫೋನು ಮಾಡಿ ಬಿಡುವಿದೆಯೇ ಎಂದು ಕೇಳಬೇಕು. ಮೊದಲು ಕಟ್ಟಡವೇ ಮಾಡುತ್ತಿದ್ದ ಕೆಲಸವನ್ನು ಈಗ ಮನುಷ್ಯ ಮಾಡಬೇಕು.

ಆ ಕೆಲಸ ಒಂಟಿಯಾದವನ ಕೈಯಿಂದಲೇ ಆಗುವುದಿಲ್ಲ ಎಂಬುದೇ ಇದರಲ್ಲಿಯ ತೊಡಕು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಬಹುಕಾಲ ಅಭ್ಯಾಸ ಮಾಡಿದ ಜಾನ್ ಕ್ಯಾಸಿಯೊಪೊ ಒಂಟಿತನವನ್ನು ಹಸಿವೆಗೆ ಹೋಲಿಸಿದರು. ಹಸಿವೆಯಂತೆ ಅದೂ ದೇಹ ಕೊಡುವ ಸೂಚನೆ: ಏಳು, ಮಂದಿಯ ಬಳಿ ಹೋಗು ಎಂದು. ಆದರೆ ಹಸಿದವನು ಅನ್ನ ಕಂಡರೆ ಕೈ ಚಾಚುತ್ತಾನೆ. ಬಹುದಿನ ಒಂಟಿಯಾದವನು ಮಂದಿಯನ್ನು ಕಂಡರೆ ಹಿಂದೆ ಸರಿಯುತ್ತಾನೆ. ಎದುರಿನವರ ಮುಖದಲ್ಲಿ ತಿರಸ್ಕಾರವನ್ನೇ ಹುಡುಕುತ್ತಾನೆ. ಕಾಕಾ ಅವರಿಗೆ ನಮ್ಮ ರಾಜ್ಯೋತ್ಸವದ ಆಮಂತ್ರಣ ಫೋನಿನಲ್ಲಿ ಬಂದಿತ್ತಂತೆ. ಬರಲಾಗುವುದಿಲ್ಲವೆಂದು ತಿಳಿಸಲು ಎರಡು ಸಲ ಫೋನು ಕೈಗೆತ್ತಿಕೊಂಡರಂತೆ. “ಇವ ಯಾರಪಾ ಅಂದ್ರ ಏನ ಹೇಳ್ಲಿ ಅಂತ ಇಟ್ಟಬಿಟ್ಟೆ” ಎಂದರು. ಮೂವತ್ತು ವರ್ಷದ ಹಳೆಯ ಸದಸ್ಯರು! ನಾವೋ, ಆ ಸಲ ಸಭಾಗೃಹ ತುಂಬಿತ್ತೆಂದು ವರದಿಯಲ್ಲಿ ಬರೆದುಕೊಂಡೆವು. ಬಂದವರನ್ನು ಎಣಿಸುವುದು ನಮಗೆ ಗೊತ್ತು.

ಮನೆಗೆ ಬಂದು ಇದೆಲ್ಲವನ್ನೂ ಹೇಳಿದಾಗ ನಮ್ಮಾಕೆ ಕೇಳಿದ್ದು ಒಂದೇ ಮಾತು: “ಅವ್ವನ ನೆನಪಾತೇನು?”

ಆಗಿತ್ತು. ಅದನ್ನು ಬರೆಯುವುದೋ ಬೇಡವೋ ಎಂದು ಬಹಳ ತೂಗಿ ನೋಡಿದೆ. ಅಪ್ಪ ತೀರಿದ ಮರುವರ್ಷ, 2009ರಲ್ಲಿ, ನವಲಗುಂದದ ಹತ್ತಿರದ ಹಳ್ಳಿಯಿಂದ ಅವ್ವನನ್ನು ಇಲ್ಲಿಗೆ ಕರೆತಂದೆ. ನಾವಿಬ್ಬರೂ ಆಗ ಕೆಲಸಕ್ಕೆ ಹೋಗುವವರು. ಎಂಟೂಕಾಲರ ಲೋಕಲ್ಲು ಹಿಡಿದರೆ ಮರಳುವುದು ದೀಪ ಹಚ್ಚಿದ ಮೇಲೆ. ಪಕ್ಕದ ಜಾಗದಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಗ್ಯಾಲರಿಯಲ್ಲಿ ನಿಂತಾಗ ಕೆಳಗೆ ಯಾರೋ ಹೆಂಗಸು ತನ್ನ ಕೂಸನ್ನು ಕನ್ನಡದಲ್ಲಿ ಬೈಯುವುದು ಕಿವಿಗೆ ಬಿತ್ತು. ವಿಜಯಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಜೋಪಡಿಗಳಲ್ಲಿ ಇರುವವರು ಮುಂಬಯಿ ಪುಣೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದು ನಿಮಗೂ ಗೊತ್ತು. ಆಕೆ ಇಂಡಿ ತಾಲೂಕಿನವಳು. ಅವ್ವ ಮೂರು ಅಂತಸ್ತು ಇಳಿದು ಹೋದಳು. ಮರುದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದಳು. ಆಮೇಲೆ ದಿನಾ ಮಧ್ಯಾಹ್ನ ಉಸುಕಿನ ಗುಡ್ಡೆಯ ಬದಿಗೆ ಅವರಿಬ್ಬರ ಬೈಠಕ್ಕು. ರಾತ್ರಿ ನಾವು ಬಂದಾಗ ಸುದ್ದಿಯೋ ಸುದ್ದಿ! ಇಂಡಿಯ ಕಡೆ ಮಳೆ ಹೋಯಿತು, ತೊಗರಿ ಒಣಗಿತು, ಆಕೆಯ ನಾದಿನಿಯ ಲಗ್ನ ಮುರಿದುಬಿತ್ತು. ಆ ನಾಲ್ಕು ತಿಂಗಳು ಅವ್ವ ನಿದ್ದೆಯ ಗುಳಿಗೆ ಕೇಳಲಿಲ್ಲ.

ಒಂದು ದಿನ ನಮ್ಮ ಕಟ್ಟಡದ ಗೃಹಸ್ಥರೊಬ್ಬರು ಮೆಟ್ಟಿಲಲ್ಲಿ ನಿಲ್ಲಿಸಿ, ನಿಮ್ಮ ತಾಯಿ ಕೂಲಿಯವರ ಜೊತೆ ನೆಲದ ಮೇಲೆ ಕೂತಿರುತ್ತಾರಲ್ಲ ಎಂದರು. ಅವರು ಅಂದದ್ದು ಅಷ್ಟೇ. ಉಳಿದದ್ದನ್ನು ಮಾಡಿದವನು ನಾನು. ಅಲ್ಲಿ ಧೂಳು, ಸಿಮೆಂಟು, ಎಡವಿ ಬಿದ್ದರೆ ಏನು ಗತಿ ಎಂದು ಅವ್ವನಿಗೆ ತಿಳಿಯ ಹೇಳಿದೆ. ಧೂಳಿನ ಮಾತು ಧೂಳಿನದಲ್ಲವೆಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. “ಆತು ಬಿಡಪಾ” ಎಂದಳು. ಮರುದಿನದಿಂದ ಇಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಆ ಗುಂಪು ಬೇರೆ ಕೆಲಸಕ್ಕೆ ಹೋಯಿತು. ಪರಿಹಾರವೆಂಬಂತೆ ನಾನು ದೊಡ್ಡ ಟಿ. ವಿ. ತಂದು ಕನ್ನಡದ ಚಾನೆಲ್ಲುಗಳನ್ನು ಹಾಕಿಸಿಕೊಟ್ಟೆ. ಅವ್ವ ಅದರ ಮುಂದೆ ಕೂತಿರುತ್ತಿದ್ದಳು. ಒಮ್ಮೆ, “ಅದು ಮಾತಾಡತದ ತಮ್ಮಾ, ಕೇಳೂದಿಲ್ಲ” ಎಂದಳು. ಇನ್ನೊಮ್ಮೆ, “ನಾಲಿಗಿ ಜಡ್ಡುಗಟ್ಟೇದ” ಎಂದಾಗ ಬಿ-ಕಾಂಪ್ಲೆಕ್ಸ್ ಗುಳಿಗೆ ತಂದುಕೊಟ್ಟವನು ನಾನು. 2013ರಲ್ಲಿ ಹೋದಳು. ಅವಳ ಔಷಧ, ತಪಾಸಣೆ, ಡಾಕ್ಟರರ ಚೀಟಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದ ಕಡತ ಇನ್ನೂ ನಮ್ಮ ಕಪಾಟಿನಲ್ಲಿದೆ.

ಇರಲಿ. ಈಗ ನಡೆದದ್ದನ್ನು ಹೇಳುತ್ತೇನೆ. ಯಾದಿ ತೆಗೆದು ಡೊಂಬಿವಲಿ ಕಲ್ಯಾಣಗಳಲ್ಲಿ ಎಪ್ಪತ್ತೈದು ದಾಟಿದ ಸದಸ್ಯರನ್ನು ಹುಡುಕಿದೆವು. ಮೂವತ್ತೊಂದು ಮನೆ. ಆರು ಜನ ಹಂಚಿಕೊಂಡೆವು. ಮೊದಲನೆಯ ತಿಂಗಳು ನಾವು ಮಾಡಿದ ತಪ್ಪು ನಗೆಗೇಡಿನದು. ಹಿರಿಯರೆಂದರೆ ನಮ್ಮ ಸಂಘಕ್ಕೆ ಗೊತ್ತಿರುವ ಉಪಚಾರ ಒಂದೇ, ಶಾಲು ಮತ್ತು ಹಣ್ಣಿನ ಬುಟ್ಟಿ. ಬುಟ್ಟಿ ಹಿಡಿದು ಹೋದರೆ ಒಬ್ಬ ಅಜ್ಜಿ ಬಾಗಿಲಲ್ಲೇ, “ನನಗೇನಾಗೇದ ಅಂತ ಬಂದ್ರಿ?” ಎಂದು ಗಾಬರಿಯಾದರು. ಬುಟ್ಟಿ ಬಿಟ್ಟೆವು. ಈಗ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹೋಗುತ್ತೇವೆ. ಆದಷ್ಟು ಮಟ್ಟಿಗೆ ಏನಾದರೂ ಕೇಳಲು ಹೋಗುತ್ತೇವೆ. ಹಳೆಯ ಹಾಡಿನ ಧಾಟಿ, ಮರೆತ ಅಡಿಗೆಯ ಪಾಕ, ಬ್ಯಾಂಕಿನ ಒಂದು ಅನುಮಾನ. ಒಬ್ಬ ನಿವೃತ್ತ ಅಧ್ಯಾಪಕಿ ತಮಗೆ ಏಕಾಂತವೇ ಇಷ್ಟವೆಂದು ಹೇಳಿ ನಗುತ್ತ ಬಾಗಿಲು ಹಾಕಿಕೊಂಡರು. ಅವರ ಮಾತು ಸರಿ. ಅಲ್ಲಿಗೆ ನಾವು ಹೋಗುವುದಿಲ್ಲ. ಆರು ಜನರಲ್ಲಿ ಇಬ್ಬರು ಈಗಾಗಲೇ ಬಿಡುವಿಲ್ಲವೆಂದು ಬಿಟ್ಟಿದ್ದಾರೆ, ಆ ಹತ್ತು ಮನೆಗಳಿಗೆ ಹೋಗುವವರು ಸದ್ಯಕ್ಕೆ ಯಾರೂ ಇಲ್ಲ. ಈ ಅಂಕಣ ಓದಿದ ಕಲ್ಯಾಣದ ಕಡೆಯ ತರುಣರು ಯಾರಾದರೂ ಸಂಘಕ್ಕೆ ಒಂದು ಕಾರ್ಡು ಬರೆದರೆ ಉಪಕಾರವಾದೀತು. ನಮ್ಮ ಕೈ ನಿಲುಕದ ಊರುಗಳಲ್ಲಿರುವ ಹಿರಿಯರಿಗೆ 14567 ಎಂಬ ಎಲ್ಡರ್‌ಲೈನ್ ಫೋನು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇದೆ. ಅದಕ್ಕೆ ಹಣ ಬೀಳುವುದಿಲ್ಲ. ಬರೆದಿಟ್ಟುಕೊಳ್ಳಿರಿ. ಉಸುಕಿನ ಗುಡ್ಡೆಯ ಬದಿಗೆ ಇರುವ ಕನ್ನಡದವರು ಮಾತ್ರ ನಮ್ಮ ಯಾದಿಯಲ್ಲಿ ಇಂದಿಗೂ ಇಲ್ಲ. ಅವರ ಪೈಕಿ ವರ್ಗಣಿ ಕೊಟ್ಟವರು ಯಾರೂ ಇಲ್ಲವಲ್ಲ.

ಕಾಕಾ ಅವರ ಟಪಾಲು ಪೆಟ್ಟಿಗೆಗೆ ಇನ್ನೊಂದು ಬೀಗದ ಕೈ ಮಾಡಿಸಿ ನಾನಿಟ್ಟುಕೊಂಡಿದ್ದೇನೆ. ಮೂರನೆಯ ಗುರುವಾರ ಹೋದಾಗ ಅವರು ನಮ್ಮ ಸಂಕ್ರಾಂತಿ ಸಂಚಿಕೆಯಲ್ಲಿ ನಲವತ್ತೆರಡು ಅಚ್ಚಿನ ತಪ್ಪುಗಳಿಗೆ ಕೆಂಪು ಗುರುತು ಹಾಕಿ ಇಟ್ಟಿದ್ದರು. ಗಿರಣಿಯ ಕಾರಕೂನರಲ್ಲವೇ! ಸಂಪಾದಕರಿಗೆ ತೋರಿಸಿದೆ. ಈ ಸಂಚಿಕೆಯಿಂದ ಕರಡು ತಿದ್ದುವ ಕೆಲಸ ಅವರದು. ಈ ಅಂಕಣವೂ ಅವರ ಕೈ ದಾಟಿಯೇ ನಿಮ್ಮಲ್ಲಿಗೆ ಬಂದಿದೆ. ತಮ್ಮ ಸಂಗತಿ ಬರೆಯಲು ಒಪ್ಪಿದ್ದಾರೆ. ನಳದ ನೀರು ಬರುತ್ತಿದ್ದದ್ದು ಐದಕ್ಕೆಂದು ನಾನು ಬರೆದಿದ್ದೆ, ನಾಲ್ಕಕ್ಕೆ ಎಂದು ತಿದ್ದಿದ್ದಾರೆ. ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಸಾಲಿದೆ: ಗುರುವಾರ ಬರುವಾಗ ಎಲೆಯಡಿಕೆ ತರ್ರಿ, ಹೋದ ಸಲದ ಎಲಿ ಭಾಳ ಬಲಿತಿದ್ದುವು.